ಬಾಲದಲ್ಲೊಂದು ನೀಲಿ ಹೊಲಿಗೆ

ನಾನು ಹೊಲಿದ ಬಟ್ಟೆ ಒಂದು ದಿನ ಆಕಾಶಕ್ಕೆ ಏರುತ್ತದೆ ಎಂದು ನನಗೆ ಕನಸಲ್ಲೂ ಹೊಳೆದಿರಲಿಲ್ಲ. ಮನೆಯ ಮುಂದಿನ ಕೋಣೆಯಲ್ಲಿ ಒಂದು ಹೊಲಿಗೆ ಯಂತ್ರ, ಒಂದು ಇಸ್ತ್ರಿ ಮೇಜು, ಗೋಡೆಯ ಮೊಳೆಗಳಿಗೆ ಸಿಕ್ಕಿಸಿದ ಬಣ್ಣಬಣ್ಣದ ದಾರದ ಉಂಡೆಗಳು. ಪ್ಯಾಂಟಿನ ಉದ್ದ ಮೊಟಕು ಮಾಡುವುದು, ಪರದೆಗೆ ಅಂಚು ಮಡಿಸುವುದು, ಶಾಲೆ ಮಕ್ಕಳ ಸಮವಸ್ತ್ರ. ನನ್ನ ಕೆಲಸ ಇಷ್ಟರಲ್ಲೇ ಮುಗಿಯುತ್ತಿತ್ತು.

ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನ ನೆರೆತ ಕೂದಲಿನ ಒಬ್ಬರು ಸೈಕಲ್ಲಿನ ಹಿಂದೆ ದೊಡ್ಡ ಬಟ್ಟೆಯ ಸುರುಳಿ ಕಟ್ಟಿಕೊಂಡು ಬಂದರು.

"ಇದಕ್ಕೊಂದು ತೇಪೆ ಹಾಕ್ಬೇಕಿತ್ತಮ್ಮ."

ಬೆರಳಲ್ಲಿ ಉಜ್ಜಿ ನೋಡಿದೆ. ತೆಳ್ಳಗಿತ್ತು, ಆದರೆ ಒರಟು. "ಏನಿದು, ಡೇರೆನಾ?"

"ಅಲ್ಲ. ರೆಕ್ಕೆ."

ಪಕ್ಕದಲ್ಲಿ ಕೂತು ಗುಂಡಿ ಹಾಕುತ್ತಿದ್ದ ನನ್ನ ಮಗಳ ಕೈ ಅಲ್ಲೇ ನಿಂತಿತು. ಅವಳಿಗೆ ಆಗ ಹತ್ತೊಂಬತ್ತು. ವಾರಪೂರ್ತಿ ಔಷಧಿ ಅಂಗಡಿಯಲ್ಲಿ ಕೆಲಸ, ಭಾನುವಾರ ನನಗೆ ಒತ್ತಾಸೆ. ಅವಳ ಭಾನುವಾರಗಳು ನನ್ನ ಕೈತಪ್ಪಿ ಹೋದದ್ದು ಆ ಮಧ್ಯಾಹ್ನದಿಂದ.

ಬಂದವರು ಮೂವತ್ತು ವರ್ಷ ಗಣಿತ ಕಲಿಸಿ ನಿವೃತ್ತರಾಗಿ, ಈಗ ಊರಾಚೆಯ ಕ್ಲಬ್ಬಿನಲ್ಲಿ ವಿಮಾನ ಹಾರಿಸುವುದನ್ನು ಕಲಿಸುವವರು. ಎಲ್ಲರಿಗೂ ಮೇಷ್ಟ್ರು. ವಿಮಾನ ಎಂದರೆ ಮುನ್ನೂರು ಜನ ಕೂರುವಂಥದ್ದಲ್ಲ. ಅಲ್ಯೂಮಿನಿಯಂ ಕೊಳವೆಗಳ ಮೇಲೆ ಬಟ್ಟೆ ಹೊದಿಸಿದ್ದು, ಇಬ್ಬರು ಭುಜಕ್ಕೆ ಭುಜ ತಾಗಿಸಿ ಕೂರುವಷ್ಟು ಜಾಗ. ನಾಲ್ಕು ಜನ ಸೇರಿದರೆ ಬಾಲ ಎತ್ತಿ ಪಕ್ಕಕ್ಕೆ ಇಡಬಹುದು. ಕ್ಲಬ್ಬು ಎಂದರೂ ಒಂದು ತಗಡಿನ ಶೆಡ್ಡು, ಅಂಥ ಮೂರು ವಿಮಾನ, ನೀಟಾಗಿ ಕತ್ತರಿಸಿದ ಉದ್ದನೆಯ ಹುಲ್ಲಿನ ಪಟ್ಟಿ, ಕಂಬದ ತುದಿಯಲ್ಲಿ ಗಾಳಿ ತುಂಬಿಕೊಂಡು ದಿಕ್ಕು ತೋರಿಸುವ ಚೀಲ. ಆ ಗಾಳಿಚೀಲವನ್ನೂ ಈಗ ನಾನೇ ಹೊಲಿಯುವುದು. ಪೈಜಾಮದ ಒಂದು ಕಾಲು ಹೊಲಿದ ಹಾಗೆ, ಅಷ್ಟೇ.

ಮಗಳು ಕುಳ್ಳಿ. ನನ್ನ ಅಳತೆಪಟ್ಟಿಯಲ್ಲಿ ನಾಲ್ಕು ಅಡಿ ಹತ್ತೂವರೆ ಇಂಚು. ಮೊದಲ ದಿನವೇ, ಕ್ಲಬ್ಬಿಗೆ ಹಾರಲು ಬರುವ ಹಲ್ಲಿನ ಡಾಕ್ಟರು ಅವಳಿಗೆ 'ಗೇಣು' ಎಂದು ಹೆಸರಿಟ್ಟರು. ಹಲ್ಲಿನ ಡಾಕ್ಟರೆಂದರೆ ಎಲ್ಲರ ಬಾಯಿಗೂ ಕೈ ಹಾಕುವವರು, ಮಾತಲ್ಲೂ.

"ಗೇಣು, ನೀನು ಕೂತಿದ್ದೀಯೋ ಇಲ್ವೋ ಹೊರಗಿನಿಂದ ಗೊತ್ತೇ ಆಗಲ್ಲ ಕಣಮ್ಮ. ವಿಮಾನ ತಾನಾಗೇ ಹೋಗ್ತಿದೆ ಅಂತ ಜನ ಹೆದರಿಕೊಳ್ತಾರೆ."

"ನಿಮ್ಮನ್ನ ಒಳಗೆ ನೋಡಿದ್ರೂ ಹೆದರ್ತಾರೆ ಡಾಕ್ಟ್ರೇ," ಎಂದಿದ್ದಳು ಇವಳು. ಆಮೇಲೆ ಇಬ್ಬರೂ ದೋಸ್ತಿಗಳಾದರು.

ಹಾರುವ ಮೊದಲು ಒಂದೊಂದು ಬೋಲ್ಟನ್ನೂ ಕಣ್ಣಲ್ಲಿ ನೋಡಬೇಕು, ಕೈಯಲ್ಲಿ ಮುಟ್ಟಬೇಕು, ಬಾಯಲ್ಲಿ ಹೇಳಬೇಕು. "ನೋಡಿದೆ, ಮುಟ್ಟಿದೆ." ಇದು ಮೇಷ್ಟ್ರ ಪಾಠ. ಮಗಳು ಅದನ್ನು ಮನೆಗೂ ತಂದಳು. ಹೊರಗೆ ಹೊರಡುವಾಗ ಗ್ಯಾಸಿನ ನಾಬು ಹಿಡಿದು "ನೋಡಿದೆ, ಮುಟ್ಟಿದೆ", ಇಸ್ತ್ರಿಪೆಟ್ಟಿಗೆಯ ಪ್ಲಗ್ಗು ಹಿಡಿದು "ನೋಡಿದೆ, ಮುಟ್ಟಿದೆ". ಅವಳಪ್ಪ ಒಂದು ದಿನ ತಟ್ಟೆ ಮುಂದೆ ಕೂತು, "ಪಲ್ಯ ನೋಡಿದೆ, ಮುಟ್ಟಿದೆ, ಉಪ್ಪಿಲ್ಲ," ಎಂದರು.

ಶೆಡ್ಡಿನ ಬಾಗಿಲ ಮೇಲೆ ಇನ್ನೊಂದು ನಿಯಮ ದಪ್ಪಕ್ಷರದಲ್ಲಿದೆ: 'ನಿಲ್ಲಿಸಿ ಅನ್ನಲು ಯಾರಿಗೂ ಅಪ್ಪಣೆ ಬೇಡ.' ಏನೋ ಸರಿಯಿಲ್ಲ ಅನ್ನಿಸಿದರೆ, ಪೈಲಟ್ ಇರಲಿ, ಕಸ ಗುಡಿಸುವವರಿರಲಿ, ಎರಡು ಕೈ ತಲೆಯ ಮೇಲೆ ಎತ್ತಿ ಅಡ್ಡಡ್ಡ ಹಿಡಿಯಬೇಕು. ಕಂಡವರು ಕಾರಣ ಕೇಳಬಾರದು, ತಾವೂ ಕೈ ಎತ್ತಬೇಕು. ಇಂಜಿನ್ ನಿಂತ ಮೇಲೆಯೇ ಮಾತು. ಹುಲ್ಲು ಕತ್ತರಿಸುವಾತ ಒಮ್ಮೆ ಹಲ್ಲಿನ ಡಾಕ್ಟರನ್ನು ಹೀಗೆ ನಿಲ್ಲಿಸಿದ್ದನಂತೆ. ಸೀಟ್ ಬೆಲ್ಟಿನ ತುದಿ ಬಾಗಿಲಿನಾಚೆ ನೇತಾಡುತ್ತಿತ್ತು. ಹಾಗೆ ನಿಂತ ದಿನ, ಕಾರಣ ಚಿಕ್ಕದಿರಲಿ ದೊಡ್ಡದಿರಲಿ, ಆ ಪೈಲಟ್ ಮತ್ತೆ ಒಂಟಿಯಾಗಿ ಮೇಲೆ ಹೋಗುವಂತಿಲ್ಲ. ಮನಸ್ಸು ಕದಡಿರುತ್ತದೆ ಅನ್ನುತ್ತಾರೆ ಮೇಷ್ಟ್ರು.

ನಾನು ಭಾನುವಾರಗಳಂದು ಅವಳ ಜೊತೆ ಹೋಗಲು ಶುರು ಮಾಡಿದ್ದು ಬಟ್ಟೆಯ ನೆಪದಲ್ಲಿ. ಶೆಡ್ಡಿನ ಪಕ್ಕ ಒಂದು ಬೆಂಚು, ಅದರ ಮುಂದೆ ಸುಣ್ಣ ಬಳಿದ ಕಲ್ಲುಗಳ ಸಾಲು. ಇಂಜಿನ್ ಶುರುವಾದ ಮೇಲೆ ಆ ಸಾಲು ದಾಟಬಾರದು. ವಿಮಾನ ನಿಂತುಕೊಳ್ಳುವ ಜಾಗ ಅಲ್ಲೇ ಎದುರಿಗೆ, ಬಾಲ ನನ್ನ ಕಡೆಗೆ. ಹಾಗಾಗಿ ನನಗೆ ವಿಮಾನದ ಮುಖಕ್ಕಿಂತ ಬಾಲವೇ ಹೆಚ್ಚು ಪರಿಚಯ.

ಆ ಬಾಲದಲ್ಲಿ ನನ್ನದೊಂದು ತಪ್ಪಿದೆ. ಬಾಲದ ಹಿಂದುಗಡೆ ಅಡ್ಡಲಾಗಿ ಒಂದು ಹಲಗೆ ಇರುತ್ತದೆ. ಒಳಗೆ ಕೂತವರು ಸ್ಟಿಕ್ಕನ್ನು, ಅಂದರೆ ಕಾಲುಗಳ ನಡುವಿನ ಹಿಡಿಕೋಲನ್ನು, ಹೊಟ್ಟೆಯ ಕಡೆ ಎಳೆದರೆ ಆ ಹಲಗೆ ಮೇಲಕ್ಕೇಳುತ್ತದೆ, ವಿಮಾನದ ಮೂತಿಯೂ ಏಳುತ್ತದೆ. ಹಲಗೆಯ ಕೀಲಿನ ಕೆಳಗೆ ಗಾಳಿ ನುಗ್ಗದ ಹಾಗೆ ಒಂದು ಬಟ್ಟೆಪಟ್ಟಿ. ಅದು ಕಿತ್ತುಬಂದಾಗ ಮೇಷ್ಟ್ರು ಬೇಗ ಆಗಬೇಕು ಎಂದರು. ಆ ಬಟ್ಟೆಗೆಂದೇ ಅವರು ಕೊಟ್ಟಿದ್ದ ದಾರದಲ್ಲಿ ಬಿಳಿಯದು ಮುಗಿದಿತ್ತು, ನೀಲಿ ಉಳಿದಿತ್ತು. ಮಡಿಕೆಯ ಒಳಗೆ ತಾನೆ, ಯಾರಿಗೆ ಕಾಣುತ್ತದೆ ಎಂದು ನೀಲಿಯಲ್ಲೇ ಹೊಲಿದೆ. ಸ್ಟಿಕ್ಕನ್ನು ಪೂರ್ತಿ ಎಳೆದಾಗ ಮಾತ್ರ ಆ ಮಡಿಕೆ ಬಿಚ್ಚಿಕೊಂಡು, ಬಿಳಿ ಬಾಲದ ಕೆಳಗೆ ಗೆರೆ ಎಳೆದ ಹಾಗೆ ನೀಲಿ ಹೊಲಿಗೆ ಕಾಣಿಸುತ್ತಿತ್ತು. ಪ್ರತಿ ಸಲ ಹೊರಡುವ ಮುಂಚೆ ಪೈಲಟ್‌ಗಳು ಸ್ಟಿಕ್ಕನ್ನು ನಾಲ್ಕೂ ಕಡೆ ಆಡಿಸಿ ನೋಡುತ್ತಾರೆ. ಪ್ರತಿ ಸಲವೂ ನೀಲಿ ಕಂಡು ನನಗೆ ನಾಚಿಕೆ. ಮೇಷ್ಟ್ರಿಗೆ ಗೊತ್ತಾಗಿಲ್ಲವಲ್ಲ ಎಂದು ಸಮಾಧಾನ.

ಅವಳು ಒಬ್ಬಳೇ ಹಾರುವ ಮೊದಲ ದಿನ ಹತ್ತಿರ ಬಂತು. ಅದಕ್ಕೆ ಸೋಲೋ ಎನ್ನುತ್ತಾರೆ. ಮಳೆ ಶುರುವಾದರೆ ಹುಲ್ಲಿನ ಪಟ್ಟಿ ಕೆಸರಾಗಿ ನಾಲ್ಕು ತಿಂಗಳು ಕ್ಲಬ್ಬು ಮುಚ್ಚುತ್ತದೆ. ಉಳಿದದ್ದು ಎರಡೇ ಭಾನುವಾರ.

"ನಾಳಿದ್ದು ನನ್ನ ಸೋಲೋ ಅಪ್ಪ," ಎಂದಳು.

"ಸೋಲೋದಾ? ಸೋಲೋದಕ್ಕೆ ಎರಡು ವರ್ಷ ಕಲಿಯೋದು ಏನಿದೆ? ಗೆಲ್ಲೋದು ಯಾವಾಗ?"

ಅವಳಪ್ಪ ಬಡಗಿ. ಕುರ್ಚಿ ಮೇಜು ಮಾತ್ರ ಮಾಡುತ್ತಾರೆ, ಮಾಡಿನ ಕೆಲಸಕ್ಕೆ ಹೋಗುವುದಿಲ್ಲ. ಬಲ್ಬು ಬದಲಾಯಿಸಲು ಸ್ಟೂಲು ಹತ್ತಿದರೂ ಅವರಿಗೆ ತಲೆ ಸುತ್ತುತ್ತದೆ. ಕ್ಲಬ್ಬಿನ ಕಡೆ ಒಮ್ಮೆಯೂ ತಲೆ ಹಾಕಿರಲಿಲ್ಲ. ನಕ್ಕು ಒಳಗೆ ಹೋದರು, ಆದರೆ ಅವತ್ತು ರಂದದ ಸದ್ದು ಬಹಳ ಹೊತ್ತು ಕೇಳಿಸುತ್ತಿತ್ತು.

"ಅಮ್ಮ, ನೀನು ಬರಬಹುದು," ಎಂದಳು ನನಗೆ. "ಆದ್ರೆ ಬೆಂಚಿಂದ ಏಳಬಾರ್ದು. ಅಳಬಾರ್ದು. ಹುಷಾರು ಹುಷಾರು ಅಂತ ಕೂಗಬಾರ್ದು. ಮಾತು ಕೊಡು."

"ಕೊಟ್ಟೆ ಕಣೇ."

"ಎಲ್ಲರ ಮುಂದೆ ಮಾನ ತೆಗೆಯಲ್ಲ ತಾನೆ?"

"ಬಾಯಿಗೆ ಹೊಲಿಗೆ ಹಾಕ್ಕೊಂಡೇ ಬರ್ತೀನಿ, ಸಾಕಾ?"

ಮಾತು ಕೊಟ್ಟೆ, ಆದರೆ ಕೈ ಸುಮ್ಮನಿರಲಿಲ್ಲ. ವಿಮಾನದ ಪೆಡಲಿಗೆ ಕಾಲು ಎಟುಕಲೆಂದು ಅವಳು ಬೆನ್ನಿಗೆ ಒಂದು ಹಳೆಯ ದಿಂಬು ಇಟ್ಟುಕೊಳ್ಳುತ್ತಿದ್ದಳು. ಅದರ ಹೂರಣ ಚಪ್ಪಟೆಯಾಗಿ, ಹೊಲಿಗೆ ಬಿಟ್ಟು, ಅವಳು ಕೂತಲ್ಲೇ ಜಾರುತ್ತಿದ್ದಳು. ಪೆಡಲು ಒತ್ತುವಾಗ ಹೆಬ್ಬೆರಳು ಚಾಚುವುದನ್ನು ನಾನು ಎಷ್ಟೋ ಸಲ ನೋಡಿದ್ದೆ. ಒಬ್ಬಳೇ ಹೋಗುವ ದಿನವಾದರೂ ಹಾಯಾಗಿ ಕೂರಲಿ ಎಂದು ಅವಳಿಗೆ ಗೊತ್ತಾಗದ ಹಾಗೆ ಹೊಸ ದಿಂಬು ಹೊಲಿದೆ. ಒಳ್ಳೆಯ ಸ್ಪಂಜು, ಕಂದುಕೆಂಪು ಬಟ್ಟೆ, ಅಂಚಿನ ಸುತ್ತ ಹುರಿಯ ಹಾಗೆ ಉಬ್ಬಿದ ಬಿಳಿ ಪೈಪಿಂಗ್. ಹಳೆಯದಕ್ಕಿಂತ ಎರಡು ಬೆರಳು ದಪ್ಪ. ಅಳತೆ ಯಾರನ್ನೂ ಕೇಳಲಿಲ್ಲ. ಮಗಳ ಬೆನ್ನು ನನಗೆ ಗೊತ್ತಿಲ್ಲವೇ?

ಭಾನುವಾರ ಬೆಳಿಗ್ಗೆ ಗಾಳಿಚೀಲ ಜೋತು ಬಿದ್ದಿತ್ತು. ಗಾಳಿಯೇ ಇಲ್ಲ, ಮೇಷ್ಟ್ರಿಗೆ ಬೇಕಾದ ಬೆಳಗು. ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೂರು ಸುತ್ತು ಹೋಗಿ ಬಂದರು. ಮೂರು ಸಲವೂ ವಿಮಾನ ಬೆಕ್ಕಿನ ಹಾಗೆ ನೆಲಕ್ಕೆ ಕಾಲಿಟ್ಟಿತು. ಮೇಷ್ಟ್ರು ಕೆಳಗಿಳಿದು ಖಾಲಿ ಸೀಟಿನ ಬೆಲ್ಟನ್ನು ಗಂಟು ಹಾಕಿ ಬಿಗಿದರು.

"ಇನ್ನು ನೀನೇ. ನಾನು ಹೋಗಿ ನೀರು ಕುಡ್ಕೊಂಡು ಬರ್ತೀನಿ. ಅಷ್ಟರಲ್ಲಿ ಪೆಟ್ರೋಲ್ ನೋಡ್ಕೋ. ನನ್ನ ಭಾರ ಇರಲ್ಲ, ಬೇಗ ಏರತ್ತೆ. ಗಾಬರಿ ಆಗ್ಬೇಡ."

ಅವಳು ಪೆಟ್ರೋಲು ನೋಡಿ ಬೆಂಚಿನ ಹತ್ತಿರ ಬಂದಾಗ ಚೀಲದಿಂದ ದಿಂಬು ತೆಗೆದುಕೊಟ್ಟೆ. ಅವಳ ಮುಖದಲ್ಲಿ ಒಂದು ಕ್ಷಣ ಏನೋ ಸುಳಿದು ಹೋಯಿತು. ಆಮೇಲೆ ನಕ್ಕಳು.

"ಚೆನ್ನಾಗಿದೆ ಅಮ್ಮ. ಪೈಪಿಂಗ್ ಬೇರೆ ಇಟ್ಟಿದ್ದೀಯಾ!"

"ಆ ಹರಕಲನ್ನ ಇಲ್ಲಿ ಕೊಡು."

ಹಳೆಯದನ್ನು ಕೊಟ್ಟಳು, ಹೊಸದನ್ನು ಬೆನ್ನಿಗಿಟ್ಟುಕೊಂಡು ಕೂತಳು. ಮೇಷ್ಟ್ರು ಬಂದು ರೆಕ್ಕೆಯ ಮುಂದೆ ನಿಂತರು. ಅವರ ಕಣ್ಣು ಗಾಳಿಚೀಲದ ಮೇಲಿತ್ತು. ಇಂಜಿನ್ ಶುರುವಾಯಿತು.

ಅವಳು ಸ್ಟಿಕ್ ಆಡಿಸಿದಳು. ಎಡಕ್ಕೆ, ಬಲಕ್ಕೆ. ರೆಕ್ಕೆಯ ತುದಿಗಳು ಏರಿ ಇಳಿದವು. ಮುಂದಕ್ಕೆ. ಬಾಲದ ಹಲಗೆ ಕೆಳಗೆ ಬಾಗಿತು. ಹಿಂದಕ್ಕೆ. ಹಲಗೆ ಮೇಲೆದ್ದಿತು.

ನೀಲಿ ಕಾಣಿಸಲಿಲ್ಲ.

ಇನ್ನೊಮ್ಮೆ ಎಳೆದಳು. ಹಲಗೆ ಏಳುತ್ತದೆ, ಮಡಿಕೆ ಬಿಚ್ಚಿಕೊಳ್ಳಲು ಶುರುವಾಗುತ್ತದೆ, ಅಲ್ಲಿಗೇ ನಿಲ್ಲುತ್ತದೆ. ಬಾಲದ ಕೆಳಗೆ ಬರೀ ಬಿಳಿ.

ದಾರದ ಬಣ್ಣ ಹೋಗಿರಬಹುದೇ? ಇಲ್ಲ, ಸ್ವಲ್ಪ ಹೊತ್ತಿನ ಮುಂಚೆ ಮೇಷ್ಟ್ರು ಜೊತೆಗಿದ್ದಾಗ ಕಂಡಿತ್ತಲ್ಲ. ಬಿಸಿಲು ಕಣ್ಣಿಗೆ ಹೊಡೆಯುತ್ತಿದೆಯೇ? ಬಿಸಿಲು ನನ್ನ ಬೆನ್ನಿಗಿತ್ತು. ಹಾಗಾದರೆ ಇದು ನನ್ನ ಹೆದರಿಕೆಯೇ? ಮಗಳನ್ನು ನೆಲದ ಮೇಲೇ ಇಟ್ಟುಕೊಳ್ಳಲು ಮನಸ್ಸು ಹೂಡಿದ ಆಟವೇ? ತಾಯಿಯ ಹೆದರಿಕೆ ಎಷ್ಟು ಸುಳ್ಳು ಹೇಳುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತು. ಅವಳು ಮೊದಲ ಸಲ ಸೈಕಲ್ ಹತ್ತಿದಾಗಲೂ ಚಕ್ರ ಅಲ್ಲಾಡುತ್ತಿದೆ ಎಂದು ನಾನು ಕೂಗಿದ್ದೆ. ಚಕ್ರ ಸರಿಯಾಗಿಯೇ ಇತ್ತು.

ಆದರೆ ಹೊಲಿಗೆಯ ವಿಷಯದಲ್ಲಿ ನನ್ನ ಕಣ್ಣು ಸುಳ್ಳು ಹೇಳಿದ್ದಿಲ್ಲ.

ಎದ್ದೆ. ಸುಣ್ಣದ ಕಲ್ಲುಗಳ ತನಕ ನಡೆದು, ಎರಡು ಕೈಯನ್ನೂ ತಲೆಯ ಮೇಲೆತ್ತಿ ಅಡ್ಡಡ್ಡ ಹಿಡಿದೆ. ವಿಮಾನದ ಬೆನ್ನು ನನ್ನ ಕಡೆ. ಅವಳಿಗೆ ಕಾಣುವ ಹಾಗಿರಲಿಲ್ಲ. ಶೆಡ್ಡಿನ ಬಾಗಿಲಲ್ಲಿ ನಿಂತಿದ್ದ ಹಲ್ಲಿನ ಡಾಕ್ಟರು ನನ್ನನ್ನು ನೋಡಿದರು. ಬಾಯಿ ತೆರೆದದ್ದು ಹಾಗೇ ಮುಚ್ಚಿತು. ರೆಕ್ಕೆಯ ಪಕ್ಕಕ್ಕೆ ಓಡಿಹೋಗಿ ಅವರೂ ಕೈ ಎತ್ತಿದರು. ಅವರನ್ನು ಕಂಡು ಮೇಷ್ಟ್ರು ಎತ್ತಿದರು. ಇಂಜಿನ್ ನಿಂತಿತು.

ಆ ನಿಶ್ಶಬ್ದದಲ್ಲಿ ಹುಲ್ಲಿನ ಮೇಲೆ ನನ್ನ ಚಪ್ಪಲಿಯ ಸದ್ದು ನನಗೇ ಕೇಳಿಸುತ್ತಿತ್ತು.

ಮಗಳು ತಿರುಗಿ ನೋಡಿದಳು. "ಯಾರು ಎತ್ತಿದ್ದು?" ಎಂದಳು. ನನ್ನನ್ನು ಕಂಡಳು. ಅವಳ ಕುತ್ತಿಗೆ, ಕಿವಿ ಎಲ್ಲ ಕೆಂಪಾಯಿತು.

"ಅಮ್ಮ, ಮಾತು ಕೊಟ್ಟಿದ್ದೆ ನೀನು."

"ಕೊಟ್ಟಿದ್ದೆ."

ಮೇಷ್ಟ್ರು ಅವಳ ಕಡೆ ಕೈ ತೋರಿಸಿ ಸುಮ್ಮನಾಗಿಸಿದರು. "ಹೇಳಿಮ್ಮ, ಏನು ಕಂಡ್ರಿ?"

"ಕಂಡಿದ್ದಲ್ಲ ಮೇಷ್ಟ್ರೇ. ಕಾಣಲಿಲ್ಲ. ನೀಲಿ ಕಾಣಲಿಲ್ಲ."

ನೀಲಿಯ ಕತೆಯನ್ನು ಎಲ್ಲರ ಮುಂದೆ ಒಪ್ಪಿಕೊಳ್ಳಬೇಕಾಯಿತು. ಬಿಳಿ ದಾರ ಮುಗಿದದ್ದು, ಯಾರಿಗೆ ಕಾಣುತ್ತದೆ ಎಂದುಕೊಂಡದ್ದು, ಪ್ರತಿ ಸಲ ಕಾಣುವುದು. ಮೇಷ್ಟ್ರು ನಗಲಿಲ್ಲ. ಬಾಲದ ಹತ್ತಿರ ಹೋಗಿ ಬಗ್ಗಿ ಕೂತರು.

"ಗೇಣು, ಸ್ಟಿಕ್ ಪೂರ್ತಿ ಹಿಂದಕ್ಕೆ."

"ಪೂರ್ತಿ ಹಿಂದಕ್ಕೇ ಇದೆ ಸರ್."

"ಇಲ್ವಲ್ಲ." ಎದ್ದು ಬಂದು ಒಳಗೆ ಬಗ್ಗಿ ನೋಡಿದರು. ಸ್ಟಿಕ್ಕು ಅವಳ ಹೊಟ್ಟೆಗೆ, ಬೆಲ್ಟಿನ ಬಕಲ್ಲಿಗೆ ತಾಗಿ ನಿಂತಿತ್ತು. ಬೆನ್ನಿನ ಹಿಂದೆ ಕಂದುಕೆಂಪು ದಿಂಬು, ಬಿಳಿ ಪೈಪಿಂಗು. ಮೇಷ್ಟ್ರು ದಿಂಬನ್ನು ಹೊರಗೆಳೆದರು. ಅವಳು ಹಿಂದಕ್ಕೆ ಒರಗಿ ಮತ್ತೆ ಎಳೆದಾಗ ಸ್ಟಿಕ್ಕು ಇನ್ನೆರಡು ಬೆರಳು ಹಿಂದೆ ಬಂತು.

ನಾನು ಬಾಲದ ಹತ್ತಿರವೇ ನಿಂತಿದ್ದೆ. ನೀಲಿ ಗೆರೆ ಸ್ಪಷ್ಟವಾಗಿ ಕಾಣಿಸಿತು.

ಕೂರಲು ಜಾಗ ಹುಡುಕಿದೆ. ಹಲ್ಲಿನ ಡಾಕ್ಟರು ಕುರ್ಚಿ ತಂದು ಹಾಕಿದರು.

"ಇಳಿಯುವಾಗ ನೆಲದ ಹತ್ತಿರ ಮೂತಿ ಎತ್ತಬೇಕು," ಮೇಷ್ಟ್ರು ನಿಧಾನವಾಗಿ, ಕರಿಹಲಗೆಯ ಮುಂದೆ ನಿಂತವರ ಹಾಗೆ ಹೇಳಿದರು. "ಅದಕ್ಕೆ ಕೊನೆಯ ಆ ಎರಡು ಬೆರಳು ಬೇಕು. ಅದಿಲ್ಲದಿದ್ರೆ ಮುಂದಿನ ಚಕ್ರ ಮೊದಲು ಬಡಿಯತ್ತೆ. ಕೆಲವು ಸಲ ಏನೂ ಆಗಲ್ಲ. ಕೆಲವು ಸಲ ಆಗತ್ತೆ." ಆಮೇಲೆ ಟೋಪಿ ತೆಗೆದು ತಲೆ ಕೆರೆದುಕೊಂಡರು. "ಸೀಟಲ್ಲಿ ಏನು ಬದಲಾಯ್ತು ಅಂತ ನಾನು ಕೇಳ್ಬೇಕಿತ್ತು. ಗಾಳಿಚೀಲ ನೋಡ್ತಾ ನಿಂತುಬಿಟ್ಟೆ. ಇದು ನನ್ನ ತಪ್ಪು. ಕ್ಲಬ್ಬಿನ ಪುಸ್ತಕದಲ್ಲಿ ಹಾಗೇ ಬರೀತೀನಿ."

"ನನ್ನದು ಮೇಷ್ಟ್ರೇ. ದಿಂಬು ನನ್ನದು."

"ದಿಂಬು ನಿಮ್ಮದು, ಕಣ್ಣೂ ನಿಮ್ಮದೇ. ಕೂಡಿ ಕಳೆದ್ರೆ ಸರಿಹೋಯ್ತು. ಇವತ್ತಿಗೆ ಸಾಕು, ಶೆಡ್ಡಿಗೆ ತಳ್ಳಿ."

ಬಸ್ಸಿನಲ್ಲಿ ಅವಳು ಕಿಟಕಿಯ ಕಡೆ ಮುಖ ಮಾಡಿ ಕೂತಳು. ದಿಂಬು ನನ್ನ ಮಡಿಲಲ್ಲಿತ್ತು. ಅವಳಪ್ಪ ಬಾಗಿಲಲ್ಲೇ ನಿಂತಿದ್ದರು. ನಮ್ಮಿಬ್ಬರ ಮುಖ ನೋಡಿ, ತಮಾಷೆಗೆಂದು ಇಟ್ಟುಕೊಂಡಿದ್ದ ಮಾತನ್ನು ನುಂಗಿ ಒಳಗೆ ಹೋದರು.

ಸಂಜೆ ನಾನು ಇಸ್ತ್ರಿ ಹಾಕುತ್ತಿದ್ದಾಗ ಮಗಳು ಬಂದು ಮೇಜಿನ ಆ ಬದಿ ನಿಂತಳು. ಒಂದು ಅಂಗಿಯ ತೋಳನ್ನು ಸುಮ್ಮನೆ ನೇರ ಮಾಡುತ್ತಿದ್ದಳು.

"ಅಮ್ಮ, ನನಗೆ ಗೊತ್ತಾಗಿತ್ತು."

"ಏನು?"

"ಸ್ಟಿಕ್ ಹೊಟ್ಟೆಗೆ ತಾಗ್ತಿದೆ ಅಂತ. ಎರಡನೇ ಸಲ ಎಳೆದಾಗ ಚೆನ್ನಾಗೇ ಗೊತ್ತಾಯ್ತು. ಇಷ್ಟು ಸಾಕಾಗತ್ತೆ ಬಿಡು ಅಂದ್ಕೊಂಡೆ."

ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿದೆ. "ಗೊತ್ತಾಗಿದ್ರೆ ದಿಂಬು ತೆಗೆದು ಹೊರಗೆ ಎಸೀಬಾರ್ದಿತ್ತೇನೇ?"

"ನೀನು ಅಲ್ಲೇ ಕೂತಿದ್ದೆ. ಪೈಪಿಂಗ್ ಎಲ್ಲ ಇಟ್ಟು ಹೊಲಿದಿದ್ದೆ. ನಿನಗೆ ಬೇಜಾರಾಗತ್ತೆ ಅಂತ..."

ನನಗೆ ತಟ್ಟನೆ ಒಂದು ಹಳದಿ ಫ್ರಾಕು ನೆನಪಾಯಿತು. ಅವಳಿಗೆ ಆರು ವರ್ಷ. ನಾನು ಹೊಲಿದ ಫ್ರಾಕು ಹಾಕಿಕೊಂಡು ಇಡೀ ದಿನ ಕುಣಿದಾಡಿದ್ದಳು. ಸ್ನಾನಕ್ಕೆಂದು ಬಿಚ್ಚಿದರೆ ಕಂಕುಳ ಸುತ್ತ ಕೆಂಪಗೆ ಬರೆ ಎದ್ದಿತ್ತು. ಬಿಗಿಯಾದರೆ ಹೇಳಬಾರದೇನೇ ಎಂದರೆ, "ನೀನು ಹೊಲಿದಿದ್ದಲ್ವಾ" ಎಂದಿದ್ದಳು. ಆಗ ನಾನು ಅದನ್ನು ಎಲ್ಲರಿಗೂ ಹೇಳಿಕೊಂಡು ಹಿಗ್ಗಿದ್ದೆ. ನನ್ನ ಮಗಳಿಗೆ ನಾನೆಂದರೆ ಎಷ್ಟು ಪ್ರೀತಿ ಎಂದು. ಆಮೇಲೆ ಎಷ್ಟು ಬಟ್ಟೆ ಹೊಲಿದೆನೋ, ಒಂದಕ್ಕೂ ಅವಳು ಕೊಂಕು ತೆಗೆದದ್ದಿಲ್ಲ. ನಾನೂ ಕೇಳಿದ್ದಿಲ್ಲ.

ಮೇಜು ಸುತ್ತಿಕೊಂಡು ಅವಳ ಹತ್ತಿರ ಹೋದೆ.

"ನೋಡು, ನಾನು ದರ್ಜಿ. ಗಿರಾಕಿಗಳು ದಿನಾ ಬಂದು, ಇಲ್ಲಿ ಬಿಗಿ, ಅಲ್ಲಿ ಸಡಿಲ, ಇದೇನಮ್ಮ ಮೂಟೆ ಹೊಲಿದ ಹಾಗೆ ಹೊಲಿದಿದ್ದೀಯಾ ಅಂತಾರೆ. ನಾನೇನು ಸತ್ತುಹೋದ್ನಾ? ಬಿಚ್ಚಿ ಮತ್ತೆ ಹೊಲೀತೀನಿ. ನನಗೆ ಬೇಜಾರಾದ್ರೆ ಎರಡು ದಿನ ಆಗತ್ತೆ, ಹೋಗತ್ತೆ. ನೀನು..." ಅವಳ ಕೈಯಿಂದ ಅಂಗಿಯ ತೋಳು ಬಿಡಿಸಿದೆ. "ನನ್ನ ಮುಖ ನೋಡ್ಕೊಂಡು ಇನ್ನೊಂದು ಸಲ ಸಾಕು ಬಿಡು ಅಂದ್ರೆ ನೋಡು."

"ಸಿಟ್ಟು ಬಂದಿದೆಯಾ?"

"ಬಂದಿದೆ. ನಿನ್ನ ಮೇಲೆ ಸ್ವಲ್ಪ, ಆ ಫ್ರಾಕಿನ ಮೇಲೆ ಜಾಸ್ತಿ."

"ಯಾವ ಫ್ರಾಕು?"

"ಏನಿಲ್ಲ ಬಾ. ಆ ಸ್ಟೂಲ್ ಎಳ್ಕೋ, ಬೆನ್ನು ಅಳೀಬೇಕು."

"ಸ್ಟೂಲ್ ಮೇಲೆ ಅಳೆದ್ರೆ ಆಗಲ್ಲಮ್ಮ. ಸೀಟಲ್ಲೇ ಅಳೀಬೇಕು." ಆಮೇಲೆ ಮೆಲ್ಲಗೆ ಸೇರಿಸಿದಳು, "ಮತ್ತೆ, ಪೈಪಿಂಗ್ ಬೇಡ. ಚುಚ್ಚತ್ತೆ."

ಅದು ಅವಳ ಮೊದಲ ದೂರು.

ಬುಧವಾರ ಅವಳು ಅಂಗಡಿಯಿಂದ ಅರ್ಧ ದಿನ ರಜೆ ತೆಗೆದುಕೊಂಡಳು. ಶೆಡ್ಡಿನಲ್ಲಿ ನಿಂತಿದ್ದ ವಿಮಾನದಲ್ಲಿ ಅವಳನ್ನು ಕೂರಿಸಿ, ಬೆಲ್ಟು ಬಿಗಿಸಿ, ಸ್ಟಿಕ್ಕನ್ನು ಪೂರ್ತಿ ಎಳೆಸಿ ಅಳತೆ ತೆಗೆದುಕೊಂಡೆ. ಎಷ್ಟು ಅಳೆದರೂ ಲೆಕ್ಕ ಒಂದೇ. ಸ್ಟಿಕ್ಕಿಗೆ ಜಾಗ ಬಿಟ್ಟರೆ ಪೆಡಲು ಎಟುಕದು, ಪೆಡಲು ಎಟುಕಿದರೆ ಸ್ಟಿಕ್ಕಿಗೆ ಜಾಗವಿಲ್ಲ.

"ಹಾಗಾದ್ರೆ ಇವಳನ್ನ ಪೆಡಲ್ ಹತ್ತಿರ ತಳ್ಳೋದು ಬೇಡ," ಎಂದರು ಮೇಷ್ಟ್ರು. "ಪೆಡಲನ್ನೇ ಇವಳ ಹತ್ತಿರ ತರೋಣ. ಎರಡು ಮರದ ತುಂಡು, ಬೋಲ್ಟ್ ಹಾಕಿ ಬಿಗಿಯೋ ಹಾಗೆ. ಒಳ್ಳೆ ಬಡಗಿ ಯಾರಾದ್ರೂ ಗೊತ್ತಾ?"

ತಾಯಿ ಮಗಳು ಮುಖ ಮುಖ ನೋಡಿಕೊಂಡೆವು.

ಅವಳಪ್ಪ ಆ ಎರಡು ತುಂಡುಗಳಿಗೆ ಹಿಡಿದ ಹೊತ್ತಿನಲ್ಲಿ ಒಂದು ಮಂಚವೇ ಆಗುತ್ತಿತ್ತು. ನಾನು ದಿಂಬು ಬಿಚ್ಚಿ, ಮೆತ್ತನೆಯ ಸ್ಪಂಜು ತೆಗೆದು, ಒತ್ತಿದರೂ ತಗ್ಗದ, ತೆಳುವಾದ ಗಟ್ಟಿ ಸ್ಪಂಜಿನ ಹಾಳೆ ಹಾಕಿ, ಜಾರದ ಹಾಗೆ ನಾಲ್ಕು ಮೂಲೆಗೂ ಪಟ್ಟಿ ಹೊಲಿದೆ. ಶನಿವಾರ ಬೆಳಿಗ್ಗೆ, ಅಂಗಡಿಗೆ ಹೋಗುವ ಮುಂಚೆಯೇ, ಮೇಷ್ಟ್ರು ಅವಳನ್ನು ಜೊತೆಗೆ ಕೂರಿಸಿಕೊಂಡು ಐದು ಸುತ್ತು ಹಾಕಿ, ಎರಡನ್ನೂ ಒಪ್ಪಿದರು.

ಕೊನೆಯ ಭಾನುವಾರ ಆಕಾಶದ ಒಂದು ಮೂಲೆಯಲ್ಲಿ ಮೋಡ ಕೂಡುತ್ತಿತ್ತು, ಆದರೆ ದೂರದಲ್ಲಿತ್ತು. ಅವಳಪ್ಪನೂ ಬಂದಿದ್ದರು. "ನನ್ನ ಮರದ ಕೆಲಸ ನೋಡೋಕೆ ಬಂದೆ, ಅಷ್ಟೇ," ಎಂದು ಬೆಂಚಿನ ಮೇಲೆ ಕೂತು ಎರಡೂ ಕೈಯಲ್ಲಿ ಬೆಂಚಿನ ಅಂಚು ಹಿಡಿದುಕೊಂಡರು. ಹಾರುವುದು ತಾವೇ ಎನ್ನುವ ಹಾಗೆ.

ಮೇಷ್ಟ್ರು ಮೊದಲು ಒಂದು ಸುತ್ತು ಜೊತೆಗೆ ಹೋಗಿ ಬಂದು ಇಳಿದರು. ಇವತ್ತು ನೀರು ಕುಡಿಯಲು ಹೋಗಲಿಲ್ಲ. "ಸೀಟಲ್ಲಿ ಏನಾದ್ರೂ ಬದಲಾಗಿದೆಯಾ?" ಎಂದು ಕೇಳಿದರು. "ಇಲ್ಲ ಸರ್. ದಿಂಬು ನೋಡಿದೆ, ಮುಟ್ಟಿದೆ." ಇಂಜಿನ್ ಶುರುವಾಯಿತು. ಎಡಕ್ಕೆ, ಬಲಕ್ಕೆ, ಮುಂದಕ್ಕೆ. ಮೇಷ್ಟ್ರು ಗಾಳಿಚೀಲವನ್ನು ನೋಡುತ್ತಿರಲಿಲ್ಲ. ಬಾಲದ ಪಕ್ಕ ಬಂದು ಬಗ್ಗಿ ನಿಂತಿದ್ದರು.

ಹಿಂದಕ್ಕೆ.

ಹಲಗೆ ಎದ್ದಿತು, ಮಡಿಕೆ ಬಿಚ್ಚಿತು, ನೀಲಿ ಗೆರೆ ಕಾಣಿಸಿತು. ಮೇಷ್ಟ್ರು ನನ್ನ ಕಡೆ ತಿರುಗಿ ಹುಬ್ಬು ಏರಿಸಿದರು. ನಾನು ತಲೆಯಾಡಿಸಿದೆ. ಆಮೇಲೆಯೇ ಅವರು ರೆಕ್ಕೆಯ ಪಕ್ಕಕ್ಕೆ ಹೋಗಿ ಅವಳಿಗೆ ಹೆಬ್ಬೆರಳು ತೋರಿಸಿದ್ದು.

ವಿಮಾನ ಹುಲ್ಲಿನ ಮೇಲೆ ಓಡಿತು, ಹಗುರಾಯಿತು, ನೆಲ ಬಿಟ್ಟಿತು. ನಾನು ಅಳಲಿಲ್ಲ, ಕೂಗಲಿಲ್ಲ. ಅದು ಬಿಳಿಯ ಕರವಸ್ತ್ರದಷ್ಟಾಗಿ, ಗುಂಡಿಯಷ್ಟಾಗಿ, ಶೆಡ್ಡಿನ ಆಚೆ ಸುತ್ತಿ ಮತ್ತೆ ಕರವಸ್ತ್ರವಾಗಿ ಬರುವ ತನಕ ಕೂತೇ ಇದ್ದೆ.

"ಬಂತಾ?" ಕಣ್ಣು ಮುಚ್ಚಿ ಕೂತಿದ್ದ ಅವಳಪ್ಪ ಕೇಳಿದರು.

"ಬರ್ತಿದೆ ರೀ. ಕಣ್ಣು ಬಿಡಿ."

ನೆಲದ ಹತ್ತಿರ ಮೂತಿ ಮೆಲ್ಲಗೆ ಎದ್ದಿತು. ಇನ್ನೂ ಸ್ವಲ್ಪ. ಇನ್ನೂ ಸ್ವಲ್ಪ. ಹಿಂದಿನ ಎರಡು ಚಕ್ರ ಹುಲ್ಲು ಸವರಿದವು, ಆಮೇಲೆ ಮುಂದಿನದು.

ಇಂಜಿನ್ ನಿಂತ ಮೇಲೆ ಎಲ್ಲರೂ ಓಡಿದರು. ಹಲ್ಲಿನ ಡಾಕ್ಟರು, "ಗೇಣು ಇನ್ನು ಮೇಲೆ ಮೊಳ!" ಎಂದು ಕೂಗುತ್ತಿದ್ದರು. "ಸೋಲೋದು ಇಷ್ಟು ಚೆನ್ನಾಗಿರತ್ತೆ ಅಂತ ಗೊತ್ತಿರಲಿಲ್ಲ," ಎನ್ನುತ್ತಾ ಅವಳಪ್ಪ ಮೂಗು ಒರೆಸಿಕೊಂಡರು. ಮಗಳು ಹೆಲ್ಮೆಟ್ಟು ತೆಗೆದು ಎಲ್ಲರ ನಡುವಿನಿಂದ ನನ್ನನ್ನು ಹುಡುಕಿಕೊಂಡು ಬಂದಳು. ಕೆನ್ನೆ ಉರಿಯುತ್ತಿತ್ತು, ಕೂದಲು ಹಣೆಗೆ ಅಂಟಿತ್ತು. ನನ್ನ ಎರಡು ಕೈಯನ್ನೂ ಹಿಡಿದುಕೊಂಡಳು.

"ಅಮ್ಮ," ಎಂದಳು ಏದುಸಿರಿನಲ್ಲಿ, "ದಿಂಬು ಎಡಗಡೆ ಒತ್ತತ್ತೆ. ಕಾಲು ಇಂಚು ತೆಗೀಬೇಕು."

"ಎಲ್ಲಿ, ತೋರಿಸು," ಎಂದು ಕುತ್ತಿಗೆಯಿಂದ ಅಳತೆಪಟ್ಟಿ ಎಳೆದುಕೊಂಡೆ.